ಕ್ಯಾಥರೀನ್ ದ ಮೆದಿಚಿಯ ಬದುಕನ್ನು ನಾನು ಬರೆದ ಬಗೆ

ಹದಿನಾರನೆಯ ಶತಮಾನದ ಫ್ರಾನ್ಸಿನ ರಾಣಿ ಕ್ಯಾಥರೀನ್ ದ ಮೆದಿಚಿಯ ಜೀವನಚಿತ್ರವನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ, ಮೊದಲ ಕರಡನ್ನು ಬ್ಲುವಾ ಅರಮನೆಯಿಂದ ಶುರುಮಾಡಿದ್ದೆ. ಅಲ್ಲಿನ ಒಂದು ಕೋಣೆಯ ಗೋಡೆಗೆ 237 ಕೆತ್ತನೆಯ ಹಲಗೆಗಳಿವೆ, ಕೆಲವುಗಳ ಹಿಂದೆ ಗುಪ್ತ ಕಪಾಟುಗಳಿವೆ. ಆಕೆ ಅವುಗಳಲ್ಲಿ ವಿಷ ಬಚ್ಚಿಡುತ್ತಿದ್ದಳೆಂಬುದು ಪುರಾವೆಯಿಲ್ಲದ ಹಳೆಯ ಕಥೆ. ಅದನ್ನು ಮೊದಲಿಗೇ ಇಟ್ಟ ಮೇಲೆ ಆಕೆ ಮಗುವಿಗೆ ಹಾಲೂಡಿಸಿದರೂ ಓದುಗರಿಗೆ ಅನುಮಾನ ಬರುವಂತಾಯಿತು. ಇಡೀ ಕರಡನ್ನು ಹರಿದು ಹಾಕಿದೆ.

ಆಮೇಲೆ ಉದ್ದನೆಯ ಹಾಳೆ ತೆಗೆದುಕೊಂಡು ಎಡಕ್ಕೆ ಇಸವಿ, ಬಲಕ್ಕೆ ಆ ವರ್ಷ ಯಾರಿಗೆಷ್ಟು ವಯಸ್ಸು ಎಂದು ಬರೆಯುತ್ತ ಹೋದೆ. 1519ರಲ್ಲಿ ಫ್ಲಾರೆನ್ಸಿನಲ್ಲಿ ಜನನ; ಮೂರು ವಾರ ತುಂಬುವಷ್ಟರಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ. 1533ರಲ್ಲಿ ಮದುವೆ, ವಧುವಿಗೂ ವರ ಹೆನ್ರಿಗೂ 14. ಮೊದಲ ಮಗು 1544ರಲ್ಲಿ, ಹತ್ತು ವರ್ಷ ಬಂಜೆಯೆನಿಸಿಕೊಂಡ ಮೇಲೆ. 1559ರಲ್ಲಿ ಗಂಡ ಎರಡನೆಯ ಹೆನ್ರಿ ಈಟಿಯಾಟದ ಗಾಯದಿಂದ ಸತ್ತಾಗ ಆಕೆಗೆ 40. ಮರುವರ್ಷ ಹಿರಿಯ ಮಗನೂ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ಒಂಬತ್ತನೆಯ ಚಾರ್ಲ್ಸ್‌ಗೆ 10.

ಈ ಹತ್ತರ ಮುಂದೆ ನಾನು ಬಹಳ ಹೊತ್ತು ಕುಳಿತೆ. ಚಿಕ್ಕ ಮಗನ ಪರವಾಗಿ ರಾಜ್ಯವಾಳಿದ ಆಕೆಯ ಪದವಿಯನ್ನು ಕನ್ನಡದಲ್ಲಿ ಏನೆನ್ನಬೇಕು? ರಾಜಪ್ರತಿನಿಧಿ ಎಂದರೆ ನಮ್ಮವರಿಗೆ ವೈಸ್‌ರಾಯ್ ನೆನಪಾಗುತ್ತಾನೆ. ಕೊನೆಗೆ ದಾರಿ ತೋರಿಸಿದ್ದು ಮೈಸೂರು. 1895ರಿಂದ 1902ರವರೆಗೆ ನಾಲ್ವಡಿಯವರ ಪರವಾಗಿ ರಾಜ್ಯವಾಳಿದ ವಾಣಿವಿಲಾಸ ಸನ್ನಿಧಾನದವರನ್ನು ನಾವು ರೀಜೆಂಟ್ ಮಹಾರಾಣಿ ಎಂದೇ ಕರೆಯುತ್ತೇವೆ. ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ನಾಲ್ವಡಿಯವರಿಗೂ 10 ವರ್ಷ. ರೀಜೆಂಟ್ ಎಂದೇ ಬರೆದೆ. 1560ರಲ್ಲಿ ಆಕೆಗೆ ಸಿಕ್ಕ ಅಧಿಕೃತ ಬಿರುದು ಫ್ರಾನ್ಸಿನ ಆಡಳಿತಗಾರ್ತಿ ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಿದೆ.

ಅಧಿಕಾರ ಆಕೆಗೆ ತಾನಾಗಿ ಬಂದದ್ದಲ್ಲ. ರಾಜವಂಶದ ಹಿರಿಯ ರಾಜಕುಮಾರ, ನವಾರದ ಆಂತ್ವಾನನಿಗೆ ಅದರ ಮೇಲೆ ಹಕ್ಕಿತ್ತು. ಅವನ ತಮ್ಮ ಕೊಂದೆ ಸೆರೆಯಲ್ಲಿದ್ದ. ತಮ್ಮನ ಬಿಡುಗಡೆ, ತನಗೊಂದು ದೊಡ್ಡ ಹುದ್ದೆ, ಇಷ್ಟಕ್ಕೆ ಅವನು ಹಕ್ಕು ಬಿಟ್ಟುಕೊಟ್ಟ. ಈ ಚೌಕಾಸಿಗೆ ನಾನು ಎರಡು ಪುಟ ಕೊಟ್ಟೆ. ವಿಷದ ಕಪಾಟಿಗಿಂತ ಆಕೆಯ ಬುದ್ಧಿ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಆಕೆಯ ಪತ್ರಗಳು ಹತ್ತು ಸಂಪುಟಗಳಲ್ಲಿ ಅಚ್ಚಾಗಿವೆ. ಇಟಲಿಯಿಂದ ಬಂದವಳು, ಫ್ರೆಂಚನ್ನು ಕಿವಿಗೆ ಕೇಳಿಸಿದಂತೆ ಬರೆಯುತ್ತಿದ್ದಳು. ನಿಘಂಟಿನಲ್ಲಿ ಪದ ಸಿಗದಾಗ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಎಷ್ಟೋ ಸಲ ಅರ್ಥ ಅಲ್ಲೇ ಹೊಳೆಯುತ್ತಿತ್ತು. ಸ್ಪೇನಿನ ರಾಣಿಯಾಗಿದ್ದ ಮಗಳು ಎಲಿಜಬೆತ್‌ಗೆ, ಮೂವರು ಚಿಕ್ಕ ಮಕ್ಕಳೊಂದಿಗೆ ಒಡೆದುಹೋದ ರಾಜ್ಯ ನನ್ನ ಪಾಲಿಗೆ ಬಂದಿದೆ, ಪೂರ್ತಿ ನಂಬಬಹುದಾದವರು ಒಬ್ಬರೂ ಇಲ್ಲ ಎಂಬರ್ಥದ ಮಾತನ್ನು ಆಕೆ ಬರೆದದ್ದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಬರೆಯಲು ಅತಿ ಕಷ್ಟವಾದದ್ದು 1572ರ ಆಗಸ್ಟ್. ಆಕೆಯ ಮಗಳು ಮಾರ್ಗರೀತಳ ಮದುವೆಗೆಂದು ಪ್ಯಾರಿಸ್ಸಿಗೆ ಬಂದಿದ್ದ, ಕ್ಯಾಥೊಲಿಕ್ ಅರಸರ ರಾಜ್ಯದಲ್ಲಿ ಬೇರೆ ಪಂಥದವರಾಗಿದ್ದ ಪ್ರಾಟೆಸ್ಟೆಂಟ್ ಕ್ರೈಸ್ತರ ನಾಯಕ ಕೊಲಿನ್ಯಿಗೆ 22ರಂದು ಗುಂಡು ತಗುಲಿತು. ಹಾರಿಸಿದವನನ್ನು ಕಳಿಸಿದವರು ಯಾರೆಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ 23ರ ರಾತ್ರಿ ಪ್ರಾಟೆಸ್ಟೆಂಟ್ ನಾಯಕರನ್ನು ಕೊಲ್ಲುವ ತೀರ್ಮಾನದಲ್ಲಿ ಆಕೆಯ ಪಾಲಿತ್ತು. ಬೆಳಗಾಗುವಷ್ಟರಲ್ಲಿ ಹತ್ಯೆ ಬೀದಿಗಿಳಿಯಿತು; ಮುಂದಿನ ದಿನಗಳಲ್ಲಿ ಸಾವಿರಾರು ಜನ ಸತ್ತರು. ಇದೇ ಆಕೆ 1562ರ ಜನವರಿಯ ಶಾಸನದಿಂದ ಪ್ರಾಟೆಸ್ಟೆಂಟರಿಗೆ ಊರ ಗೋಡೆಯ ಹೊರಗೆ ಬಹಿರಂಗವಾಗಿ ಪ್ರಾರ್ಥಿಸಲು ಅವಕಾಶ ಮಾಡಿಕೊಟ್ಟವಳು. ಎರಡನ್ನೂ ಅಕ್ಕಪಕ್ಕ ಇಟ್ಟೆ. ನಡುವೆ ಸಮಜಾಯಿಷಿ ಕೊಡಲು ಬರೆದಿದ್ದ ಪ್ಯಾರಾವನ್ನು ಮೂರು ಸಲ ತಿದ್ದಿ, ಕೊನೆಗೆ ತೆಗೆದೇಬಿಟ್ಟೆ. ಸತ್ತವರ ಮುಂದೆ ಅದು ನನಗೆ ನಾಚಿಕೆ ತರಿಸಿತು.

ಕೊನೆಯ ಅಧ್ಯಾಯ ಮತ್ತೆ ಬ್ಲುವಾಕ್ಕೇ ಬಂತು. 1589ರ ಜನವರಿ 5ರಂದು ಆಕೆ ಸತ್ತದ್ದು ಅಲ್ಲಿಯೇ. ಹಾಳೆಯ ಬಲಗಡೆ 69 ಎಂದು ಬರೆದು, ಮಕ್ಕಳ ಸಾಲಿನ ಮೇಲೆ ಕಣ್ಣಾಡಿಸಿದೆ. ಹತ್ತು ಹೆಸರುಗಳಲ್ಲಿ ಎಂಟಕ್ಕೆ ಆಗಲೇ ಗೆರೆ ಎಳೆದಾಗಿತ್ತು.