ಪಾಡ್ಯದ ದಿನ ಮಿಯಾಜಿಮಾ: ಒಂದೇ ದಿನದಲ್ಲಿ ಉಬ್ಬರವೂ ಇಳಿತವೂ

ಹಿರೋಶಿಮಾ ಬಳಿಯ ಮಿಯಾಜಿಮಾ ದ್ವೀಪದಲ್ಲಿರುವ ಇತ್ಸುಕುಶಿಮಾ ದೇಗುಲವನ್ನು ಬೆಳಿಗ್ಗೆ ನೀರಿನ ಮೇಲೆ ತೇಲುತ್ತಿರುವಂತೆ ನೋಡಿ, ಅದೇ ದಿನ ಮಧ್ಯಾಹ್ನದ ಮೇಲೆ ಸಮುದ್ರದ ನಡುವಿನ ಕೆಂಪು ತೋರಿಯ, ಅಂದರೆ ದೇಗುಲದ ಮರದ ಹೆಬ್ಬಾಗಿಲಿನ, ಬುಡದವರೆಗೆ ನಡೆದು ಹೋಗಿ, ರಾತ್ರಿ ಊಟಕ್ಕೆ ಒಸಾಕಾದ ಮನೆಗೆ ಮರಳಬಹುದು. ಆ ದಿನವನ್ನು ಆರಿಸಲು ಪಂಚಾಂಗವೊಂದೇ ಸಾಕು ಎಂದು ನಾನು ಹೇಳಿದಾಗ ಇಲ್ಲಿನ ಕನ್ನಡದ ಗೆಳೆಯರು ನಕ್ಕರು, ಕಚೇರಿಯ ಜಪಾನೀ ಸಹೋದ್ಯೋಗಿಗಳು ವಿನಯದಿಂದ ಸುಮ್ಮನಾದರು. ಈಗ ಅವರಲ್ಲಿ ಕೆಲವರು ಊರಿನಿಂದ ತಂದೆತಾಯಿ ಬರುವ ಮುನ್ನ ನನಗೆ ಫೋನ್ ಮಾಡಿ ದಿನ ಕೇಳುತ್ತಾರೆ. ಆದ್ದರಿಂದ ಒಮ್ಮೆ ಬರೆದಿಡುವುದೇ ಲೇಸೆನಿಸಿತು.

ಸಾಮಾನ್ಯವಾಗಿ ಎಲ್ಲರೂ ಮಾಡುವ ಯೋಜನೆ ಒಂದೇ ಬಗೆಯದು: ಶನಿವಾರ ಬೆಳಿಗ್ಗೆ ನಿಧಾನವಾಗಿ ಹೊರಟು, ಹಿರೋಶಿಮಾದ ಶಾಂತಿ ಉದ್ಯಾನವನ್ನು ಮೊದಲು ಮುಗಿಸಿ, ದ್ವೀಪಕ್ಕೆ ಮಧ್ಯಾಹ್ನ ಎರಡಕ್ಕೆ ಬಂದು, ನಾಲ್ಕಕ್ಕೆ ಹಿಂದಿರುಗುವುದು. ಆ ದಿನ ನೀರು ಎಲ್ಲಿದೆಯೋ ಅಲ್ಲಿದೆ. ಹೀಗೆ ಹೋದವರ ಚಿತ್ರಗಳಲ್ಲಿ ತೋರಿಯ ಕಾಲುಗಳು ಮೊಣಕಾಲುದ್ದದ ಕೆಸರುನೀರಿನಲ್ಲಿ ನಿಂತಿರುತ್ತವೆ. ಅದು ತೇಲುವ ನೋಟವೂ ಅಲ್ಲ, ನಡೆದು ಹೋಗುವ ನೆಲವೂ ಅಲ್ಲ. ದೂರದೂರಿನಿಂದ ಲಕ್ಷಗಟ್ಟಲೆ ಖರ್ಚು ಮಾಡಿಕೊಂಡು ಬಂದ ಹಿರಿಯರಿಗೆ ಇದನ್ನು ತೋರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಲೆಕ್ಕ ಹೀಗಿದೆ. ಇಲ್ಲಿನ ಉಬ್ಬರವಿಳಿತದ ಪಟ್ಟಿಯಲ್ಲಿ ನೀರಿನ ಮಟ್ಟ ಸುಮಾರು 250 ಸೆಂಟಿಮೀಟರ್ ದಾಟಿದರೆ ದೇಗುಲ ತೇಲುವಂತೆ ಕಾಣುತ್ತದೆ, 100ಕ್ಕಿಂತ ಕೆಳಗಿಳಿದರೆ ತೋರಿಯವರೆಗೆ ನಡೆಯಬಹುದು. ದೊಡ್ಡ ಉಬ್ಬರದ ದಿನಗಳಲ್ಲಿ ಮೇಲಿನ ಮಟ್ಟ 350ನ್ನೂ ಮೀರುತ್ತದೆ, ಕೆಳಗಿನದು ಮೂವತ್ತು ನಲವತ್ತಕ್ಕೆ ಬಂದು ನಿಲ್ಲುತ್ತದೆ. ಕುಮಟಾ ಕಡೆಯ ಕಡಲತೀರದಲ್ಲಿ ಬೆಳೆದ ನನ್ನ ತಂದೆಗೂ ಇಷ್ಟು ದೊಡ್ಡ ಏರಿಳಿತ ಹೊಸದಾಗಿತ್ತು. ಆದರೆ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ ಎಂಬುದನ್ನು ಅವರು ಚಿಕ್ಕಂದಿನಿಂದ ಬಲ್ಲರು, ಮತ್ತು ನನ್ನ ವಿಧಾನದ ಮೂಲ ಅವರ ಆ ಮಾತೇ.

ಅವರು ಹೇಳದೆ ಇದ್ದದ್ದು ಹೊತ್ತಿನ ವಿಷಯ. ಒಂದು ಸ್ಥಳದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ ಪ್ರತಿ ಬಾರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಮಿಯಾಜಿಮಾದಲ್ಲಿ ಅದು ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರ ಒಳಗೆ. ಇಳಿತ ಮಧ್ಯಾಹ್ನ ನಾಲ್ಕರ ಸುಮಾರಿಗೆ. ದಿನ ಕಳೆದಂತೆ ಎರಡೂ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತವೆ. ಹಾಗಾಗಿ ಪಾಡ್ಯದಂದು ಉಬ್ಬರ ಹತ್ತೂವರೆಗೆ, ಇಳಿತ ನಾಲ್ಕೂಮುಕ್ಕಾಲಿಗೆ. ಬಿದಿಗೆಯಂದು ಇನ್ನೂ ಸ್ವಲ್ಪ ತಡ. ಅಷ್ಟಮಿಯಂದು ಇದೆಲ್ಲ ತಿರುಗಿ ಬೀಳುತ್ತದೆ: ಮೇಲಿನ ಮಟ್ಟ 250ರ ಆಸುಪಾಸಿನಲ್ಲೇ ಉಳಿಯುತ್ತದೆ, ಕೆಳಗಿನದು 100ನ್ನು ಮುಟ್ಟುವುದೇ ಇಲ್ಲ. ಒಸಾಕಾದಿಂದ ಬರುವವರಿಗೆ ಹುಣ್ಣಿಮೆ ಅಥವಾ ಅಮಾವಾಸ್ಯೆಗಿಂತ ಅದರ ಮರುದಿನವೇ ಅನುಕೂಲ, ಏಕೆಂದರೆ ನೀರಿನ ಏರಿಳಿತ ಚಂದ್ರನಿಗಿಂತ ಒಂದೆರಡು ದಿನ ಹಿಂದೆ ಬೀಳುವುದರಿಂದ ಪಾಡ್ಯ ಬಿದಿಗೆಗಳಲ್ಲೇ ಅದು ಗರಿಷ್ಠ, ಮತ್ತು ಮೊದಲ ರೈಲಿಗೆ ಓಡುವ ಅಗತ್ಯವೂ ತಪ್ಪುತ್ತದೆ.

ಇದನ್ನು ಜಪಾನಿನ ಹವಾಮಾನ ಇಲಾಖೆಯ ಪಟ್ಟಿಯೊಡನೆ ಬಹಳ ತಿಂಗಳು ತಾಳೆ ನೋಡಿದ್ದೇನೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ನನ್ನ ಊಹೆ ಅರ್ಧ ಗಂಟೆಗಿಂತ ಹೆಚ್ಚು ತಪ್ಪಿದ್ದು ಅಪರೂಪ. ಅಷ್ಟಮಿಯ ಬಳಿ ಒಂದು ಗಂಟೆಗೂ ಮೀರಿ ತಪ್ಪುತ್ತದೆ, ಆದರೆ ಆ ದಿನ ಯಾರು ಹೋಗುತ್ತಾರೆ? ಊರಿನ ಪಂಚಾಂಗ ಬಳಸುವವರು ಮೂರೂವರೆ ಗಂಟೆ ಸೇರಿಸಿಕೊಳ್ಳಬೇಕು. ಅಲ್ಲಿ ರಾತ್ರಿ ಹತ್ತಕ್ಕೆ ಮುಗಿಯುವ ಹುಣ್ಣಿಮೆ ಇಲ್ಲಿ ಮರುದಿನದ ಒಂದೂವರೆಗೆ ಮುಗಿಯುತ್ತದೆ. ರೈಲಿನ ಟಿಕೆಟ್ ಕೊಳ್ಳುವ ಮುನ್ನ ಪಟ್ಟಿಯನ್ನೂ ಒಮ್ಮೆ ನೋಡುವುದು ನನ್ನ ರೂಢಿ. ಪಟ್ಟಿ ಇರುವಾಗ ಪಂಚಾಂಗವೇಕೆ ಎಂದು ಕೇಳುವವರಿಗೆ ಉತ್ತರ ಸರಳ: ಊರಿನಿಂದ ಆರು ತಿಂಗಳು ಮುಂಚೆ ವಿಮಾನದ ಟಿಕೆಟ್ ಬಗ್ಗೆ ಕೇಳಿದಾಗ, ಗೋಡೆಯ ಕ್ಯಾಲೆಂಡರ್ ನೋಡುತ್ತ ಫೋನಿನಲ್ಲೇ ದಿನ ಹೇಳಬಹುದು.

ಇದೇ ಲೆಕ್ಕವನ್ನು ಬೇರೆಡೆಯೂ ಪ್ರಯೋಗಿಸಿ ನೋಡಿದೆ. ಯಾಮಾಗುಚಿಯ ಉತ್ತರ ತೀರದ ಮೊತೊನೊಸುಮಿ ದೇಗುಲದ 123 ತೋರಿಗಳ ಸಾಲು ಕಣ್ಣಿಗೆ ಹಬ್ಬವೇ ಹೌದು, ಆದರೆ ಜಪಾನ್ ಸಮುದ್ರದ ಕಡೆ ಏರಿಳಿತ ಬಹಳ ಕಡಿಮೆ, ತಿಥಿ ನೋಡಿ ಪ್ರಯೋಜನವಿಲ್ಲ. ಮಿಯೆ ಪ್ರಾಂತದ ಫುತಾಮಿಯಲ್ಲಿ ಹಗ್ಗದಿಂದ ಬಿಗಿದ ಜೋಡಿ ಬಂಡೆಗಳ ನಡುವೆ ಸೂರ್ಯ ಹುಟ್ಟುವುದನ್ನು ನೋಡಲು ಮೇ ತಿಂಗಳಿಂದ ಜುಲೈವರೆಗಿನ ಬೆಳಗುಗಳೇ ಬೇಕು. ಅಲ್ಲಿ ಚಂದ್ರನಿಗಿಂತ ಸೂರ್ಯನ ಲೆಕ್ಕ ಮುಖ್ಯ. ಪಂಚಾಂಗ ನಿಜವಾಗಿ ಕೈಹಿಡಿಯುವುದು ಮಿಯಾಜಿಮಾ ಇರುವ ಸೆತೊ ಒಳನಾಡು ಸಮುದ್ರದಂತಹ ಕಡೆಗಳಲ್ಲಿ.

ನಿಜವಾದ ವಿರೋಧ ಬಂದದ್ದು ಗೆಳೆಯರಿಂದಲ್ಲ, ನನ್ನ ಅಮ್ಮನಿಂದ. "ಅಮಾವಾಸ್ಯೆಯ ಮರುದಿನ, ಅದೂ ಪಾಡ್ಯ, ಯಾರಾದರೂ ಪ್ರಯಾಣ ಹೊರಡುತ್ತಾರೇನೋ?" ಎಂದು ಆಕೆ ಒಸಾಕಾದಲ್ಲಿ ಕುಳಿತು ಪಟ್ಟು ಹಿಡಿದರು. ಅದಕ್ಕೆ ನಾನು ಹೂಡಿದ ವಾದ ಆ ದೇಗುಲದ್ದೇ: ಹನ್ನೆರಡನೆಯ ಶತಮಾನದ ಸೇನಾನಾಯಕ ತೈರಾ ನೊ ಕಿಯೊಮೊರಿ ಆರಂಭಿಸಿದನೆನ್ನುವ ಕಾನ್‌ಗೆನ್‌ಸಾಯ್ ಎಂಬ ದೋಣಿಯುತ್ಸವ ಇಂದಿಗೂ ಹಳೆಯ ಚಾಂದ್ರಮಾನ ಪಂಚಾಂಗದ ಆರನೆಯ ತಿಂಗಳ ಹದಿನೇಳನೆಯ ದಿನ, ಅಂದರೆ ಹುಣ್ಣಿಮೆಯ ನಂತರದ ಬಿದಿಗೆಯ ಸುಮಾರಿಗೆ ನಡೆಯುತ್ತದೆ. ದೇವರ ದೋಣಿ ತೋರಿಯೊಳಗಿಂದ ಹಾಯಬೇಕಾದರೆ ನೀರು ತುಂಬಿರಲೇಬೇಕಲ್ಲ. ದೇವರೇ ಬಿದಿಗೆಯಂದು ಹೊರಡುವಾಗ ನಾವು ಪಾಡ್ಯಕ್ಕೆ ಹೊರಟರೆ ತಪ್ಪಿಲ್ಲ ಎಂದು ಅಪ್ಪ ತೀರ್ಪು ಕೊಟ್ಟರು. ಅಮ್ಮ ಹೊಸಿಲಲ್ಲಿ ಒಂದು ಸಕ್ಕರೆಯ ಚೂರನ್ನು ಎಲ್ಲರ ಬಾಯಿಗೆ ಹಾಕಿಯೇ ಹೊರಟರು.

ಇನ್ನು ಹಣ. ಶಿನ್-ಒಸಾಕಾದಿಂದ ಹಿರೋಶಿಮಾಕ್ಕೆ ನೊಝೊಮಿ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆಯ ಒಳಗಿನ ಪ್ರಯಾಣ, ಒಂದು ಬದಿಗೆ ತಲೆಗೆ ಹತ್ತು ಸಾವಿರದ ಆರುನೂರು ಯೆನ್‌ನ ಆಸುಪಾಸು. ಇಲ್ಲಿ ಕೆಲಸ ಮಾಡುವ ವೀಸಾದವರಿಗೆ ಪ್ರವಾಸಿಗರ ಪಾಸ್ ಸಿಗುವುದಿಲ್ಲ, ಹಾಗಾಗಿ ನಾನು ಮತ್ತು ಹೆಂಡತಿ ಪೂರ್ತಿ ದರ ತೆತ್ತೆವು. ಅಪ್ಪ ಅಮ್ಮನಿಗೆ ದೇಶವೆಲ್ಲ ಸುತ್ತುವ ಏಳು ದಿನದ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650ರಿಂದ 50,000 ಯೆನ್‌ಗೆ ಏರಿದ ಮೇಲೆ ಅದರ ಮಾತೇ ಬೇಡವೆನಿಸಿತು. ಬದಲಿಗೆ ಕಾನ್ಸಾಯ್-ಹಿರೋಶಿಮಾ ಐದು ದಿನದ ಪಾಸ್ ಸುಮಾರು 17 ಸಾವಿರಕ್ಕೆ ಸಿಕ್ಕಿತು. ಹಿರೋಶಿಮಾದ ಒಂದು ಸುತ್ತಿಗೇ ಅದರ ಹಣ ಹುಟ್ಟುತ್ತದೆ, ಉಳಿದ ದಿನಗಳ ಹಿಮೆಜಿ, ನಾರಾ, ಕ್ಯೋತೊ ಬಹುಪಾಲು ಲಾಭ. ಅದಕ್ಕೂ ಮೊದಲು ಹೆಂಡತಿಯೊಡನೆ ರಾತ್ರಿ ಬಸ್ಸನ್ನೂ ಪರೀಕ್ಷಿಸಿದ್ದೆ. ತಲೆಗೆ ನಾಲ್ಕೈದು ಸಾವಿರಕ್ಕೆ ಕೆಲಸವಾಯಿತು. ಆದರೆ ನಸುಕಿನಲ್ಲಿ ಇಳಿದು, ಅಂಗಡಿ ತೆರೆಯುವವರೆಗೆ ನಿಲ್ದಾಣದಲ್ಲಿ ಕಾಯ್ದು, ಉಬ್ಬರದ ಹೊತ್ತಿಗೆ ನಿದ್ದೆ ತೂಗಿದ್ದಷ್ಟೇ ಬಂತು. ಅರವತ್ತು ದಾಟಿದವರನ್ನು ಅದರಲ್ಲಿ ಕೂರಿಸಬಾರದು. ಹಿರೋಶಿಮಾದಿಂದ ದೋಣಿಕಟ್ಟೆಗೆ ಟ್ರಾಮ್ ಅಗ್ಗ, ಆದರೆ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಜೆಆರ್ (ಜಪಾನ್ ರೈಲ್ವೆ) ರೈಲು ಅರ್ಧ ಗಂಟೆಯ ಒಳಗೆ ಮುಟ್ಟಿಸುತ್ತದೆ. ಬೆಳಿಗ್ಗೆ ರೈಲು, ಸಂಜೆ ಆತುರವಿಲ್ಲದಿದ್ದರೆ ಟ್ರಾಮ್ ಎಂಬುದು ನನ್ನ ಪದ್ಧತಿ.

ಹತ್ತು ನಿಮಿಷದ ದೋಣಿಗೆ ಇನ್ನೂರು ಯೆನ್, ಜೊತೆಗೆ 2023ರಿಂದ ದ್ವೀಪಕ್ಕೆ ಬರುವವರ ಮೇಲಿನ ನೂರು ಯೆನ್ ತೆರಿಗೆ. ಪಾಸ್ ಇದ್ದವರಿಗೂ ತೆರಿಗೆ ತಪ್ಪದು. ಜೆಆರ್ ದೋಣಿಗಳು ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ದ್ವೀಪಕ್ಕೆ ಹೋಗುವಾಗ ಮಾತ್ರ ತೋರಿಯ ಹತ್ತಿರದಿಂದ ಬಳಸುತ್ತವೆ. ನೀರು ತುಂಬಿರುವಾಗ ಆ ದೋಣಿಯ ಬಲಬದಿಯಲ್ಲಿ ನಿಲ್ಲಬೇಕು. ಅಲ್ಲಿಂದ ನೇರವಾಗಿ ದೇಗುಲಕ್ಕೆ ಹೋಗಿ ಮುನ್ನೂರು ಯೆನ್ ಕೊಟ್ಟು ಒಳಹೊಕ್ಕರೆ, ಕಾಲ ಕೆಳಗಿನ ಹಲಗೆಗಳ ಸಂದಿನಲ್ಲಿ ನೀರು ಕಾಣುತ್ತದೆ. ಆ ಸಂದುಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಅಲೆ ಏರಿದಾಗ ಒತ್ತಡ ಅವುಗಳ ಮೂಲಕ ಹೊರಬಿದ್ದು ನೆಲ ಉಳಿಯುತ್ತದೆ. ತೇಲುವ ನೋಟ ಉಬ್ಬರದ ಆಚೀಚೆ ಎರಡು ಗಂಟೆ ಇರುತ್ತದೆ, ಆದ್ದರಿಂದ ಅವಸರ ಬೇಡ. ಜನರಿಲ್ಲದ ಚಿತ್ರಕ್ಕೆ ನಾನು ನಿಲ್ಲುವ ಜಾಗವೊಂದಿದೆ. ಅದನ್ನು ಇಲ್ಲಿ ಬರೆದರೆ ಅಲ್ಲಿಯೂ ಜನ ತುಂಬುತ್ತಾರೆ, ಬರೆಯುವುದಿಲ್ಲ.

ನಡುವಿನ ಐದಾರು ಗಂಟೆಗಳನ್ನು ತುಂಬುವುದೇ ಹೆಚ್ಚಿನವರಿಗೆ ಕಷ್ಟವಾಗುವ ಭಾಗ, ನಮಗೆ ಮಾತ್ರ ಅದು ಸಾಲದೆ ಹೋಯಿತು. ದೇಗುಲದ ಹೊರಬಾಗಿಲಿನ ಬಳಿಯ ದಾಯ್‌ಗಾನ್‌ಜಿ ಎಂಬ ಬೌದ್ಧ ದೇವಾಲಯದಲ್ಲಿ ಬೆನ್‌ಝಾಯ್‌ತೆನ್, ಅಂದರೆ ನಮ್ಮ ಸರಸ್ವತಿಯ ಮೂರ್ತಿಯಿದೆ; ಹತ್ತೊಂಬತ್ತನೆಯ ಶತಮಾನದ ಮೇಜಿ ಕಾಲದಲ್ಲಿ ಬೌದ್ಧ ಮತ್ತು ಶಿಂತೊ ದೇವರುಗಳನ್ನು ಬೇರ್ಪಡಿಸಿದಾಗ ಇತ್ಸುಕುಶಿಮಾದಿಂದ ಅಲ್ಲಿಗೆ ಹೋಯಿತು. ಅಮ್ಮ ಅಲ್ಲಿ "ಯಾ ಕುಂದೇಂದು" ಪೂರ್ತಿ ಹೇಳಿದ ಮೇಲೆ ಪಾಡ್ಯದ ದೂರು ಕೈಬಿಟ್ಟರು. ರೋಪ್‌ವೇ ಹೋಗಿಬರಲು ತಲೆಗೆ ಎರಡು ಸಾವಿರ ಯೆನ್‌ನಷ್ಟಾಗುತ್ತದೆ. ಅದು 535 ಮೀಟರಿನ ಮಿಸೆನ್ ಶಿಖರದವರೆಗೆ ಒಯ್ಯುವುದಿಲ್ಲ, ಮೇಲೆ ಅರ್ಧ ಗಂಟೆಯ ಮೆಟ್ಟಿಲು ದಾರಿ ಉಳಿಯುತ್ತದೆ. ಶಿಖರದ ಕೆಳಗಿನ ರೇಯ್‌ಕಾದೊ ಗುಡಿಯಲ್ಲಿ ಬೌದ್ಧ ಗುರು ಕೋಬೊ ದಾಯ್‌ಶಿ ಹಚ್ಚಿದ್ದೆಂದು ಹೇಳುವ ಬೆಂಕಿ ಹನ್ನೆರಡು ಶತಮಾನಗಳಿಂದ ಉರಿಯುತ್ತಿದೆಯೆಂಬ ನಂಬಿಕೆಯಿದೆ. ಮಂಡಿನೋವಿನವರು ರೋಪ್‌ವೇ ಕೊನೆಯಲ್ಲೇ ನಿಂತು ದ್ವೀಪಗಳನ್ನು ನೋಡಿ ಇಳಿಯುವುದು ಒಳ್ಳೆಯದು. ಅಪ್ಪ ಹಾಗೆಯೇ ಮಾಡಿದರು.

ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ಉದೋನ್ ಎಂಬ ದಪ್ಪ ಶಾವಿಗೆಯ ಸಾರಿನಲ್ಲಿ ಒಣಮೀನು ಇರುತ್ತದೆ, ಇನಾರಿ ಸುಶಿಯ ತೋಫುವನ್ನೂ ಹೆಚ್ಚಾಗಿ ಅದೇ ಸಾರಿನಲ್ಲಿ ಬೇಯಿಸುತ್ತಾರೆ, ದ್ವೀಪದ ಹೆಸರುವಾಸಿ ಮೊಮಿಜಿ ಮಂಜು ಎಂಬ ಸಿಹಿತಿಂಡಿಯ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ನಾವು ಪುಳಿಯೋಗರೆ, ಮೊಸರನ್ನ ಒಯ್ದಿದ್ದೆವು. ಬಯಲಿನಲ್ಲಿ ಡಬ್ಬಿ ತೆರೆದರೆ ಜಿಂಕೆಗಳು ಬಂದು ಮುತ್ತುತ್ತವೆ, ಅವಕ್ಕೆ ತಿನಿಸು ಕೊಡುವಂತಿಲ್ಲ, ಕಾಗದವನ್ನೂ ಅವು ಬಿಡುವುದಿಲ್ಲ. ಪಾಸ್‌ಗಳನ್ನು ಮೇಲಿನ ಜೇಬಿನಲ್ಲಿಡುವುದು ಕ್ಷೇಮ. ಸಸ್ಯಾಹಾರಿಗಳಿಗೆಂದು ಸಮುದ್ರಪಾಚಿಯ ಸಾರು ಮಾಡಿಕೊಟ್ಟ ಅಂಗಡಿಯೊಂದನ್ನೂ ಕಂಡುಕೊಂಡಿದ್ದೇನೆ, ಆದರೆ ಅಲ್ಲಿರುವುದು ಬೆರಳೆಣಿಕೆಯ ಕುರ್ಚಿಗಳು. ಅದರ ಹೆಸರೂ ನನ್ನಲ್ಲಿಯೇ ಇರಲಿ.

ಇಳಿತದ ನಿಗದಿತ ಹೊತ್ತಿನವರೆಗೆ ಕಾಯುವ ಅಗತ್ಯವಿಲ್ಲ. ದೊಡ್ಡ ಇಳಿತದ ದಿನ ಅದಕ್ಕಿಂತ ಸುಮಾರು ಒಂದೂವರೆ ಗಂಟೆ ಮುಂಚೆಯೇ ತೋರಿಯ ದಾರಿ ತೆರೆದಿರುತ್ತದೆ, ಆದ್ದರಿಂದ ಪಾಡ್ಯದಂದು ಮೂರೂಕಾಲಿಗೆ ಇಳಿದು ನಾಲ್ಕೂವರೆಯ ದೋಣಿ ಹಿಡಿಯಬಹುದು. ನೆಲ ಪಾಚಿ ಮತ್ತು ಕೆಸರು. ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿಯೇ ಉತ್ತಮ, ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ. ಹತ್ತಿರ ನಿಂತಾಗಲೇ ಅದರ ಗಾತ್ರ ಅರಿವಾಗುವುದು: 1875ರ ಈ ತೋರಿ ಸುಮಾರು 16.6 ಮೀಟರ್ ಎತ್ತರ, ಮುಖ್ಯ ಕಂಬಗಳು ಕರ್ಪೂರದ ಮರದವು, ಮತ್ತು ಅವನ್ನು ನೆಲದಲ್ಲಿ ಹೂತಿಲ್ಲ. ಮೇಲಿನ ಪೆಟ್ಟಿಗೆಯಂತಹ ತೊಲೆಯೊಳಗೆ ಕಲ್ಲು ತುಂಬಿ, ಬರೀ ಭಾರದಿಂದ ನಿಲ್ಲಿಸಿದ್ದಾರೆ. ಅಪ್ಪ ಕಂಬಕ್ಕೆ ಅಂಟಿದ ಚಿಪ್ಪುಗಳ ಎತ್ತರ ನೋಡಿ, ಬೆಳಿಗ್ಗೆ ನೀರು ಎಲ್ಲಿಯವರೆಗೆ ಇತ್ತೆಂದು ಸರಿಯಾಗಿ ತೋರಿಸಿದರು.

ಕಾಲದ ಬಗ್ಗೆ ಎರಡು ಮಾತು. ಹಗಲಿನ ಇಳಿತ ಚೆನ್ನಾಗಿ ಆಳವಾಗುವುದು ವಸಂತದಿಂದ ಬೇಸಿಗೆಯವರೆಗೆ. ಚಳಿಗಾಲದಲ್ಲಿ ಆಳವಾದ ಇಳಿತ ರಾತ್ರಿಗೆ ಹೋಗುತ್ತದೆ, ಹಗಲಿನದು ಕೆಲವೊಮ್ಮೆ 100ರ ಮೇಲೆಯೇ ನಿಲ್ಲುತ್ತದೆ, ಆಗ ಪಾಡ್ಯವೂ ಕೆಲಸಕ್ಕೆ ಬಾರದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಮುದ್ರದ ಸರಾಸರಿ ಮಟ್ಟವೇ ಮೇಲಿರುತ್ತದೆ, ಅದರ ಮೇಲೆ ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಟೈಫೂನ್ ಹತ್ತಿರವಿದ್ದಾಗ ನೀರು ನಡೆಮೊಗಸಾಲೆಗೇ ನುಗ್ಗಿ ಪ್ರವೇಶ ನಿಲ್ಲಿಸುತ್ತಾರೆ. 2004ರ ಟೈಫೂನಿನಲ್ಲಿ ದೇಗುಲದ ಒಂದು ಭಾಗವೇ ಕುಸಿದಿತ್ತು. ಹಾಗಾಗಿ ನಾನು ಕೇಳಿದವರಿಗೆ ಕೊಡುವ ದಿನಗಳು ಏಪ್ರಿಲ್‌ನಿಂದ ಜೂನ್ ಆರಂಭದವರೆಗಿನ ಪಾಡ್ಯ ಬಿದಿಗೆಗಳು. ಮೇ ಮೊದಲ ವಾರದ ರಜೆಯಲ್ಲಿ ಯಾವ ತಿಥಿ ಬಂದರೂ ಬೇಡ; ಆ ವಾರ ದೋಣಿಯ ಸರದಿಯೇ ಉಬ್ಬರವನ್ನು ತಿಂದುಬಿಡುತ್ತದೆ.