ಟವರ್ ಸಿಗ್ನಲ್‌ನಲ್ಲಿ ಮಳೆ ಅಳೆದದ್ದು: ನನ್ನ ಅನುಭವ

ಮಳೆಮಾಪಕದ ಬಾಯಿ ಒಂದು ತಟ್ಟೆಯಷ್ಟು ಅಗಲ. ಅದರೊಳಗೆ ಬಿದ್ದ ನೀರು ನೋಡಿ ಸುತ್ತಲಿನ ಹತ್ತಾರು ಚದರ ಕಿಲೋಮೀಟರ್ ಜಾಗದ ಮಳೆ ಹೇಳಬೇಕು. ಎಲ್ಲೆಡೆ ಒಂದೇ ಸಮ ಹಿಡಿದುಕೊಳ್ಳುವ ಮಳೆಗೆ ಇದು ಸಾಕು. ಗುಡುಗು ಮಳೆಗೆ ಸಾಲದು. ಆ ಬೀದಿಯಲ್ಲಿ ಧಾರಾಕಾರ, ಈ ಬೀದಿಯಲ್ಲಿ ನಾಲ್ಕು ಹನಿ. ಇದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ಒಂದು ಚದರ ಕಿಲೋಮೀಟರ್ ಮೇಲೆ 1 ಮಿಮೀ ಮಳೆ ಎಂದರೆ 10 ಲಕ್ಷ ಲೀಟರ್ ನೀರು. ಮಳೆ ನೀರು ಎಲ್ಲಿ, ಎಷ್ಟು ಏರುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಪ್ರವಾಹದ ಮಾಡೆಲ್ ಕಟ್ಟುವ ನನಗೆ ಇಲ್ಲಿನ ಸಣ್ಣ ತಪ್ಪೂ ಸಣ್ಣದಲ್ಲ.

ಹಾಗಾಗಿ ಮೊಬೈಲ್ ಟವರ್‌ಗಳ ಕಡೆ ತಿರುಗಿದೆ. ಎಷ್ಟೋ ಟವರ್‌ಗಳ ನಡುವೆ ಮೈಕ್ರೋವೇವ್ ಲಿಂಕ್ ಇರುತ್ತದೆ, ಅಂದರೆ ಒಂದು ಟವರ್‌ನಿಂದ ಇನ್ನೊಂದಕ್ಕೆ ನೇರವಾಗಿ ಹೋಗುವ ರೇಡಿಯೋ ಅಲೆಯ ಸಂಪರ್ಕ. ನಡುವೆ ಮಳೆ ಬಂದರೆ ಹನಿಗಳು ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಸಿಗ್ನಲ್ ಕುಗ್ಗುತ್ತದೆ. ಅಲೆಯ ಕಂಪನ (ಫ್ರೀಕ್ವೆನ್ಸಿ) 20ರಿಂದ 35 ಗೀಗಾಹರ್ಟ್ಸ್ ಆಸುಪಾಸಿನಲ್ಲಿದ್ದರೆ ಮಳೆ ಎರಡರಷ್ಟಾದರೆ ಕುಗ್ಗುವುದೂ ಹೆಚ್ಚುಕಡಿಮೆ ಎರಡರಷ್ಟು. ಈ ದಾರಿ ತೋರಿದವರಲ್ಲಿ ಇಸ್ರೇಲಿನ ಹಾಗಿಟ್ ಮೆಸ್ಸರ್ ತಂಡ ಮುಖ್ಯವಾದದ್ದು, 2006ರಲ್ಲಿ. 2013ರಲ್ಲಿ ನೆದರ್ಲೆಂಡ್ಸ್ ಸಂಶೋಧಕರು ಸುಮಾರು 2400 ಲಿಂಕ್‌ಗಳಿಂದ ಇಡೀ ದೇಶದ ಮಳೆ ನಕ್ಷೆ ಮಾಡಿ ತೋರಿಸಿದರು.

ಮಳೆ ಇಲ್ಲದಾಗಲೂ ಸಿಗ್ನಲ್ ಸುಮ್ನೆ ಇರುವುದಿಲ್ಲ. ಗಾಳಿಯ ತೇವ, ಬಿಸಿಲು ಎಲ್ಲಕ್ಕೂ ಅಲುಗಾಡುತ್ತದೆ. ಅದಕ್ಕೆ ಅಕ್ಕಪಕ್ಕದ ಲಿಂಕ್‌ಗಳನ್ನು ಒಟ್ಟಿಗೆ ನೋಡಿದೆ. ಎಲ್ಲವೂ ಜೊತೆಗೇ ಕುಗ್ಗಿದರೆ ಮಳೆ. ಒಂದೇ ಕುಗ್ಗಿದರೆ ಬೇರೇನೋ.

ನಾನು ಎಡವಿದ್ದು ಇನ್ನೊಂದು ಕಡೆ. ಮಾಡೆಲ್ ಒಂದು ಬೀದಿಯಲ್ಲಿ ಮೊಣಕಾಲುದ್ದ ನೀರು ತೋರಿಸಿತು. ಹೋಗಿ ನೋಡಿದರೆ ಅಲ್ಲಿ ನೀರು ನಿಂತ ಗುರುತೇ ಇರಲಿಲ್ಲ. ತಪ್ಪು ಚರಂಡಿಯ ಲೆಕ್ಕದಲ್ಲಿದೆ ಎಂದುಕೊಂಡು ಇಳಿಜಾರು, ಪೈಪಿನ ಅಳತೆ ಎಲ್ಲ ಮತ್ತೆ ಹಾಕಿದೆ. ಏನೂ ಸಿಗಲಿಲ್ಲ. ಕೊನೆಗೆ ಸಿಗ್ನಲ್‌ನ ಗೆರೆ ನೋಡುತ್ತಾ ಕೂತಾಗ ಕಂಡಿತು: ಮಳೆಮಾಪಕದಲ್ಲಿ ಮಳೆ ನಿಂತ ಮೇಲೂ ಸಿಗ್ನಲ್ ಮೇಲೇಳಲು ತುಂಬಾ ಹೊತ್ತು ಹಿಡಿಯುತ್ತಿತ್ತು. ಆಂಟೆನಾ ಮುಚ್ಚಳದ ಮೇಲೆ ನೀರಿನ ಪೊರೆ! ಅದು ಒಣಗುವವರೆಗೂ ನನ್ನ ಲೆಕ್ಕದಲ್ಲಿ ಮಳೆ ಸುರಿಯುತ್ತಲೇ ಇತ್ತು.

ಸಿಗ್ನಲ್ ಎಷ್ಟು ಕುಗ್ಗಿತು ಎಂದು ಅಳೆಯುವುದು ಡೆಸಿಬೆಲ್‌ನಲ್ಲಿ. ಈ ಪೊರೆ 2 ಡೆಸಿಬೆಲ್ ನುಂಗಿತು ಅನ್ನಿ. 23 ಗೀಗಾಹರ್ಟ್ಸ್‌ನಲ್ಲಿ, 1 ಕಿಮೀ ಲಿಂಕ್‌ನಲ್ಲಿ ಅದು ಗಂಟೆಗೆ ಸುಮಾರು 15 ಮಿಮೀ ಸುಳ್ಳು ಮಳೆ. 5 ಕಿಮೀ ಲಿಂಕ್‌ನಲ್ಲಿ ಅದೇ ನಷ್ಟ ಇಡೀ ಉದ್ದಕ್ಕೆ ಹಂಚಿಹೋಗುವುದರಿಂದ ಬರೀ 3 ಮಿಮೀ. ನನ್ನ ತಪ್ಪೆಲ್ಲ ಗಿಡ್ಡ ಲಿಂಕ್‌ಗಳಲ್ಲೇ ಇತ್ತು. ಮಳೆಮಾಪಕದ ಜೊತೆ ಹೋಲಿಸಿ ಪೊರೆಯ ಪಾಲು ಕಳೆದೆ. ಗಿಡ್ಡ ಲಿಂಕ್‌ಗಳಿಗೆ ತೂಕ ಕಡಿಮೆ ಮಾಡಿದೆ.

ಆಮೇಲೆ ದಿನದ ಒಟ್ಟು ಮಳೆ ಅಷ್ಟೇನೂ ಬದಲಾಗಲಿಲ್ಲ. ಎಲ್ಲಿ, ಯಾವಾಗ ಎನ್ನುವುದು ಬದಲಾಯಿತು. ಕಾಲುವೆಯ ಮೇಲ್ಭಾಗದಲ್ಲಿ ಬಿದ್ದ ಮಳೆ ಮೇಲ್ಭಾಗದಲ್ಲೇ ಕಂಡಿತು. ಕಾಲುವೆಯಲ್ಲಿ ನೀರು ಏರುವ ಹೊತ್ತು ಅಳತೆಗೆ ಹತ್ತಿರ ಬಂತು. ನನಗೆ ಬೇಕಿದ್ದದ್ದು ಇದೇ. ಎಚ್ಚರಿಕೆ ಕೊಡುವವರಿಗೆ ಹತ್ತು ನಿಮಿಷ ಮೊದಲೇ ಗೊತ್ತಾದರೂ ದೊಡ್ಡ ಲಾಭವೇ.

ಮಳೆಮಾಪಕವನ್ನು ಮಾತ್ರ ಬಿಡಬೇಡಿ. ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದ್ದನ್ನು ಎಣಿಸಿ ಮಳೆ ಹೇಳುವ ಮಾಪಕವೂ ಜೋರು ಮಳೆಯಲ್ಲಿ ಕಡಿಮೆ ಹೇಳುತ್ತದೆ, ಬಟ್ಟಲು ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಆದರೂ ಲಿಂಕ್‌ಗಳನ್ನು ತಿದ್ದಲು ಅದೇ ಬೇಕು. ಹೊಸ ಲಿಂಕ್ ಸೇರಿಸುವಾಗಲೆಲ್ಲ ಈಗ ನಾನು ಮೊದಲು ನೋಡುವುದು ಮಳೆ ನಿಂತ ಮೇಲಿನ ಅರ್ಧ ಗಂಟೆಯ ಗೆರೆಯನ್ನು.