ವಿಮಾನದಲ್ಲಿ ಬಾಟಲಿ ಹೋಗುತ್ತದೆ, ಕೊಬ್ಬರಿ ಹೋಗಲ್ಲ

ತಿಪಟೂರು ಕಡೆಯವರು ದಿಲ್ಲಿಯ ನೆಂಟರ ಮನೆಗೆ ಹೊರಟರೆ ಬ್ಯಾಗಿನಲ್ಲಿ ಕೊಬ್ಬರಿ ಇರದೇ ಇರುತ್ತದೆಯೇ? ನನ್ನದೂ ಹಾಗೇ. ಹತ್ತು ಗಿಟುಕು ಕೊಬ್ಬರಿ, ಜೊತೆಗೆ ಭಾವ ಫೋನಿನಲ್ಲಿ ಮೆಲ್ಲಗೆ ಹೇಳಿದ್ದ ಒಂದು ರಮ್ ಬಾಟಲಿ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ವಿಮಾನ ನಿಲ್ದಾಣ ಮುಟ್ಟುವವರೆಗೂ ನನಗೆ ಬಾಟಲಿಯದ್ದೇ ಭಯ. ಕೊನೆಗೆ ಬ್ಯಾಗ್ ತಪಾಸಣೆಯವರು ಕರೆದು ತೆಗೆಸಿದ್ದು ಕೊಬ್ಬರಿಯನ್ನು! ಬಾಟಲಿ ಆರಾಮಾಗಿ ದಿಲ್ಲಿ ಸೇರಿತು.

ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಎಣ್ಣೆ. ಸುಮ್ನೆ ಇಟ್ಟರೂ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕು ಅಂತ ಅದನ್ನು ಅಪಾಯಕಾರಿ ಪಟ್ಟಿಗೆ ಸೇರಿಸಿದ್ದಾರೆ. ಕೈಬ್ಯಾಗಿನಲ್ಲೂ ಬೇಡ, ಕೌಂಟರಿನಲ್ಲಿ ಒಪ್ಪಿಸುವ ಚೆಕ್-ಇನ್ ಬ್ಯಾಗಿನಲ್ಲೂ ಬೇಡ. ಅಯ್ಯಪ್ಪ ಸ್ವಾಮಿಗಳ ಇರುಮುಡಿ ಕಾಯಿಗೆ 2024ರಲ್ಲಿ ಕೊಟ್ಟಿದ್ದ ವಿನಾಯಿತಿ ಶಬರಿಮಲೆ ಸೀಸನ್ನಿಗೆ ಮಾತ್ರ, ಅದನ್ನು ತೋರಿಸಿ ವಾದ ಮಾಡಬೇಡಿ. ರಸ್ತೆ ಮೇಲೆ ಹೋಗುವ ಪಾರ್ಸೆಲ್‌ಗೆ ಹಾಕಿಬಿಡಿ.

ಇನ್ನು ಬಾಟಲಿ ವಿಷಯ. ನೋಡಬೇಕಾದ್ದು ಲೇಬಲ್ ಮೇಲಿನ ಆಲ್ಕೋಹಾಲ್ ಶೇಕಡಾವಾರು. 24ರಿಂದ 70ರ ಒಳಗಿದ್ದರೆ ಒಬ್ಬರಿಗೆ ಒಟ್ಟು 5 ಲೀಟರ್, ಅದೂ ಚೆಕ್-ಇನ್ ಬ್ಯಾಗಿನಲ್ಲಿ. ನಮ್ಮಲ್ಲಿ ಸಿಗುವ ರಮ್, ವಿಸ್ಕಿ ಸಾಮಾನ್ಯವಾಗಿ 42.8, ಹಾಗಾಗಿ ತೊಂದರೆಯಿಲ್ಲ. 750 ಎಂಎಲ್‌ನ ಆರು ಬಾಟಲಿಗೆ ನಾಲ್ಕೂವರೆ ಲೀಟರ್ ಆಗುತ್ತದೆ, ಏಳನೆಯದು ಇಟ್ಟರೆ ಲೆಕ್ಕ ಮೀರಿತು. 70 ದಾಟಿದ್ದು ಎಲ್ಲೂ ಹೋಗಲ್ಲ. ನಂದಿ ಬೆಟ್ಟದ ಸುತ್ತಿನ ವೈನ್ ಆಗಲಿ, ಬಿಯರ್ ಆಗಲಿ 24ಕ್ಕಿಂತ ಕಡಿಮೆ, ಅವಕ್ಕೆ ಈ 5 ಲೀಟರ್ ಮಿತಿಯಿಲ್ಲ. ಆದರೆ ತೂಕ ಇದೆಯಲ್ಲ! ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆಜಿ, ಗಾಜಿನ ಬಾಟಲಿ ಆರಿದ್ದರೆ ಅದರಲ್ಲಿ ಅರ್ಧದಷ್ಟು ಅವೇ ನುಂಗುತ್ತವೆ.

ಸೀಲ್ ಒಡೆದ ಬಾಟಲಿ, ಪ್ಲಾಸ್ಟಿಕ್ ಬಾಟಲಿಗೆ ಸುರಿದುಕೊಂಡದ್ದು ಬೇಡ. ಅಂಗಡಿಯಿಂದ ತಂದ ಹಾಗೇ ಇರಬೇಕು, ಬಿಲ್ ಜೊತೆಗಿಟ್ಟುಕೊಳ್ಳಿ. ಒಂದು ಗಟ್ಟಿ ಕವರ್ ಹಾಕಿ ಗಂಟು ಕಟ್ಟಿ, ಹಳೇ ಪಂಚೆಯಲ್ಲೋ ಟವೆಲ್ಲಿನಲ್ಲೋ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ, ಅಂಚಿಗೆ ಬೇಡ. ಬಿಳಿ ಅಂಗಿ ಪಕ್ಕದಲ್ಲಂತೂ ಬೇಡವೇ ಬೇಡ.

ವಿಮಾನದವರು ಬಿಟ್ಟರೆ ಮುಗೀತು ಅಂದುಕೊಳ್ಳಬೇಡಿ, ಇಳಿಯುವ ರಾಜ್ಯದ ಅಬಕಾರಿ ಕಾನೂನು ಬೇರೆ ಇದೆ. ಬಿಹಾರದಲ್ಲಿ 2016ರಿಂದ ಪಾನನಿಷೇಧ, ಗುಜರಾತಿನಲ್ಲೂ ನಿಷೇಧ. ಅಲ್ಲಿಗೆ ಹೋಗುವವರು ಬಾಟಲಿ ಮನೆಯಲ್ಲೇ ಬಿಟ್ಟು ಹೋಗಿ. ಉಳಿದ ಕಡೆ ಹೊರಗಿನಿಂದ ಎಷ್ಟು ತರಬಹುದು ಅನ್ನುವುದು ರಾಜ್ಯಕ್ಕೊಂದು ಥರ, ವಿಚಾರಿಸಿಕೊಂಡೇ ಹೊರಡಿ.

ದುಬೈಯಿಂದಲೋ ಸಿಂಗಪುರದಿಂದಲೋ ಬರುವವರಿಗೆ ಸುಂಕವಿಲ್ಲದೆ ತಲೆಗೆ 2 ಲೀಟರ್. ಬೇರೆ ಊರಲ್ಲಿ ಇಳಿದು ಬೆಂಗಳೂರಿಗೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ, ಅಲ್ಲಿ ಲಗೇಜ್ ಕೈಗೆ ಬಂದಾಗಲೇ ಡ್ಯೂಟಿ ಫ್ರೀ ಬಾಟಲಿಯನ್ನು ಸೂಟ್‌ಕೇಸಿಗೆ ಸೇರಿಸಿಬಿಡಿ. ಕೈಯಲ್ಲಿ ಹಿಡಿದುಕೊಂಡು ಹೋದರೆ ಮುಂದಿನ ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು.

ಪವರ್ ಬ್ಯಾಂಕ್ ಇದಕ್ಕೆ ಪೂರ್ತಿ ಉಲ್ಟಾ, ಕೈಬ್ಯಾಗಿನಲ್ಲೇ ಇರಬೇಕು. 100 ವ್ಯಾಟ್-ಅವರ್ ಒಳಗಿದ್ದರೆ ಸಾಕು, 20,000 ಎಂಎಎಚ್‌ನದ್ದು ಸುಮಾರು 74 ಬರುತ್ತದೆ. ಈಳಿಗೆಮಣೆ, ಚಾಕು ಚೆಕ್-ಇನ್‌ಗೆ. ತುಪ್ಪ, ಮೆಣಸಿನಕಾಯಿ ಉಪ್ಪಿನಕಾಯಿ ಕೂಡ ಅಲ್ಲಿಗೇ. ಬೆಂಕಿಪೊಟ್ಟಣ, ಲೈಟರ್ ಎರಡರಲ್ಲೂ ಇಲ್ಲ, ಮನೆ ಬಿಡುವ ಮುಂಚೆ ಜೇಬು ಒಮ್ಮೆ ತಡವಿಕೊಳ್ಳಿ.